ಕ್ಷೌರದ ಕತ್ತಿಯ ಕೀಲು

ಮಡಚುವ ಕ್ಷೌರದ ಕತ್ತಿಯನ್ನು ಈಗಿನ ಮಕ್ಕಳು ನೋಡಿರುವುದು ಸಿನಿಮಾದಲ್ಲಿ, ಅದೂ ಹೆಚ್ಚಾಗಿ ಖಳನ ಕೈಯಲ್ಲಿ. ನಮ್ಮ ಹಿರಿಯರಿಗೆ ಅದು ಅಂಗಳದ ಬದಿಯ ಹಲಸಿನ ಮರದಡಿಗೆ ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಬರುತ್ತಿದ್ದ ವಸ್ತು. ಅದನ್ನು ತರುತ್ತಿದ್ದವರ ಬಗ್ಗೆ ಅಷ್ಟಿಷ್ಟು ಬರೆದವರಿದ್ದಾರೆ. ಆದರೆ ಆ ಕತ್ತಿ ಕೆಟ್ಟಾಗ ಅದರ ಕೀಲು, ಬಿಲ್ಲೆ, ಬೆಣೆಗಳನ್ನು ಹೊಸದಾಗಿ ಮಾಡಿ ಕೂರಿಸುತ್ತಿದ್ದವರ ಬಗ್ಗೆ ಬರೆಯುವವರು ಕಡಿಮೆ. ಕಾಸರಗೋಡಿನ ಇತಿಹಾಸ ಎಂದರೆ ನಾವು ಬೇಕಲ ಕೋಟೆ, ಕುಂಬಳೆ ಅರಸರು, 1956 ಎಂದು ಪಾಠ ಮಾಡುತ್ತೇವೆ. ಇವತ್ತು ಅದನ್ನೆಲ್ಲ ಪಕ್ಕಕ್ಕಿಟ್ಟು ಒಂದು ಕೀಲಿನ ಬಗ್ಗೆ ಬರೆಯೋಣ.

ಈ ಕತ್ತಿಗೆ ಅಂಗಗಳು ಬಹಳ ಇಲ್ಲ. ಉಕ್ಕಿನ ಅಲಗು ಒಂದು. ಅಲಗಿನ ಬುಡದಲ್ಲಿ ಬೆರಳಿಡಲು ಬಾಲದಂಥ ಒಂದು ಭಾಗ. ಅಲಗು ಮಡಚಿ ಒಳಗೆ ಮಲಗುವುದಕ್ಕೆ ಎರಡು ಪಟ್ಟಿಗಳ ಹಿಡಿ. ಇದು ಕೋಡಿನದೋ, ಮೂಳೆಯದೋ, ಮರದ್ದೋ, ಆಮೇಲಾಮೇಲೆ ಸೆಲ್ಯುಲಾಯಿಡಿನದೋ ಆಗಿರುತ್ತಿತ್ತು. ಹಿಡಿಯ ಒಂದು ತುದಿಯಲ್ಲಿ ಪಟ್ಟಿಗಳ ನಡುವೆ ಸಣ್ಣ ಬೆಣೆ. ಇಂಗ್ಲೆಂಡಿನ ಹಳೆಯ ಕತ್ತಿಗಳಲ್ಲಿ ಈ ಬೆಣೆ ಸೀಸದ್ದು. ಇನ್ನೊಂದು ತುದಿಯಲ್ಲಿ ಹಿಡಿ ಮತ್ತು ಅಲಗುಗಳನ್ನು ಸೇರಿಸುವ ಕೀಲು. ಈ ಕೀಲು ಎಂದರೆ ಇಂಚಿನ 16ರಲ್ಲಿ ಒಂದು ಪಾಲು ದಪ್ಪದ ಹಿತ್ತಾಳೆ ತಂತಿಯ ತುಂಡು, ಅಷ್ಟೇ. ಎರಡೂ ಕಡೆ ಮೆಂತೆ ಕಾಳಿಗಿಂತ ಸ್ವಲ್ಪ ದೊಡ್ಡ ಬಿಲ್ಲೆ ಇಟ್ಟು, ತಂತಿಯ ತುದಿಯನ್ನು ತಟ್ಟಿ ತಟ್ಟಿ ಅಣಬೆಯ ತಲೆಯ ಹಾಗೆ ಅಗಲ ಮಾಡಿದರೆ ಮುಗಿಯಿತು.

ಅಲಗು ಐವತ್ತು ವರ್ಷ ಬಾಳಬಹುದು. ಕೀಲು ಬಾಳುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಬಿಚ್ಚಿ ಮಡಚುವ ಕತ್ತಿ, ಮೇಲಿನಿಂದ ಸಾಬೂನು ನೀರು, ಅದರ ಮೇಲೆ ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ! ತಂತಿ ಸವೆಯುತ್ತದೆ. ಅಲಗಿನ ತೂತು ದುಂಡಗಿದ್ದದ್ದು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಆಗ ಅಲಗು ನೇರವಾಗಿ ಹಿಡಿಯೊಳಗೆ ಬೀಳದೆ ಓರೆಯಾಗಿ ಪಟ್ಟಿಗೆ ತಗಲುತ್ತದೆ, ಬಾಯಿ ಮುಕ್ಕಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಗಂಟಲ ಬಳಿ ಕತ್ತಿ ಓಡಿಸುವಾಗ ಅಲಗು ಅಲುಗುತ್ತದೆ. ಸಡಿಲ ಕೀಲು ಎಂದರೆ ರಕ್ತ. ಆದ್ದರಿಂದ ಕತ್ತಿಯವರಿಗೆ ಆಚಾರಿ ಬೇಕೇ ಬೇಕಾಗಿತ್ತು.

ಇನ್ನು ಅಲಗಿನ ಕತೆ. ಇದು ನಮ್ಮ ಭಾಷೆಗೂ ಸಂಬಂಧಪಟ್ಟದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

1794ರಲ್ಲಿ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಈ ದೇಶದ ಉಕ್ಕಿನ ಗಟ್ಟಿಗಳನ್ನು ಕಳಿಸಿದ. ಆತ ಅದಕ್ಕೆ ಬರೆದ ಹೆಸರು ‘ವೂಟ್ಜ್’. ನಮ್ಮ ‘ಉಕ್ಕು’ ಎಂಬ ಮಾತೇ ಕೇಳಿ ಬರೆಯುವುದರಲ್ಲಿ ಹೀಗೆ ಆಗಿದೆ ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪಿದ ಅಭಿಪ್ರಾಯ. ಮರುವರ್ಷ, ಅಂದರೆ 1795ರಲ್ಲಿ, ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಬರೆದ. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆ ಮತ್ತು ಕ್ಷೌರದ ಕತ್ತಿ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಎಂಬ ಕುಶಲಿಗ ಈ ಉಕ್ಕಿಗೆ ಮರುಳಾದ. ಯುರೋಪಿನ ಒಳ್ಳೆಯ ಉಕ್ಕಿಗಿಂತ ಇದು ಮೇಲು ಎಂದು ತನ್ನ ಅಂಗಡಿಯ ಜಾಹೀರಾತು ಚೀಟಿಯಲ್ಲೇ ಅಚ್ಚು ಹಾಕಿಸಿದ. ಮುಂದೆ ಇದೇ ಸ್ಟೋಡಾರ್ಟ್ ಜೊತೆ ಸೇರಿ ಭಾರತದ ಉಕ್ಕಿನ ಗುಟ್ಟು ಹುಡುಕಲು ಹೊರಟವರು ಮೈಕೆಲ್ ಫ್ಯಾರಡೆ. ಹೌದು, ಹತ್ತನೇ ತರಗತಿಯ ವಿದ್ಯುತ್ ಪಾಠದ ಫ್ಯಾರಡೆಯೇ. ಅವರ ತಂದೆ ಕಮ್ಮಾರ ಎಂಬುದನ್ನು ನಾವು ವಿಜ್ಞಾನದ ಪಾಠದಲ್ಲಿ ಹೇಳುವುದೇ ಇಲ್ಲ. ಇಬ್ಬರೂ ಸೇರಿ 1820 ಮತ್ತು 1822ರಲ್ಲಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ತಾವು ತಯಾರಿಸಿದ ಉಕ್ಕಿನಿಂದ ಫ್ಯಾರಡೆ ಕ್ಷೌರದ ಕತ್ತಿಗಳನ್ನು ಮಾಡಿಸಿ ಸ್ನೇಹಿತರಿಗೆ ಉಡುಗೊರೆ ಕೊಡುತ್ತಿದ್ದರು.

ಆ ಉಕ್ಕು ನಮ್ಮ ಸೀಮೆಯಲ್ಲಿ ಆಗುತ್ತಿತ್ತು ಹೇಗೆ? ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಮಲಬಾರು, ಕೆನರಾ ಸುತ್ತಿದಾಗ ಅದನ್ನು ನೋಡಿ ಬರೆದಿಟ್ಟಿದ್ದಾನೆ. ಮಣ್ಣಿನ ಸಣ್ಣ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಮೇಲೆ ಹಸಿ ಎಲೆ. ಬಾಯಿ ಮುಚ್ಚಿ ತಿದಿ ಒತ್ತಿ ಕಾಸಿದರೆ ಕಡ್ಡಿ ಕರಿಯಾಗಿ ಅದರ ಇಂಗಾಲ ಕಬ್ಬಿಣದೊಳಕ್ಕೆ ಹೋಗುತ್ತದೆ. ಅದೇ ಉಕ್ಕು. ಇದೇ ಬುಕಾನನ್ 1801ರ ಜನವರಿಯಲ್ಲಿ ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರದ ದಾರಿಯಾಗಿ ಮಂಗಳೂರಿಗೆ ಹೋದ. ನಮ್ಮ ಮನೆಗಳ ಕೆಂಪುಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನೂ ಅವನೇ. ಅದು ಮಲಬಾರಿನ ಅಂಗಾಡಿಪುರದಲ್ಲಿ. ಆ ಕಲ್ಲಿನ ಕೆಂಪೂ ಕಬ್ಬಿಣದ್ದೇ ಕೆಂಪು. ಇರಲಿ, ಅದು ಬೇರೆ ಪಾಠ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ಸುಮಾರಿಗೇ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡಿದ್ದ. ಅವನ ಮೂಲ ಕಸುಬು ಗಡಿಯಾರ ಮಾಡುವುದು. ಒಳ್ಳೆಯ ಸ್ಪ್ರಿಂಗ್ ಬೇಕಾಗಿ ಹುಡುಕಾಟಕ್ಕೆ ಬಿದ್ದವನು. 19ನೇ ಶತಮಾನದಲ್ಲಿ ಶೆಫೀಲ್ಡ್‌ನ ಕತ್ತಿ ಜಗತ್ತಿಗೆಲ್ಲ ಹೋಯಿತು. ಜರ್ಮನಿಯ ಜೋಲಿಂಗೆನ್ ಪಟ್ಟಣ ಬೆನ್ನಿಗೇ ಬಂತು. ಎರಡೂ ಬದಿ ಗುಳಿ ಬೀಳುವಂತೆ ಸಾಣೆ ಹಿಡಿದು, ಉಗುರು ತಾಗಿಸಿದರೆ ಟಿಣ್ ಎನ್ನುವಷ್ಟು ತೆಳು ಮಾಡಿದ ಅಲಗು ಅವರದು. 1938ರಲ್ಲಿ ಆ ಊರಿನ ಹೆಸರನ್ನು ಬೇರೆಯವರು ಕತ್ತಿಯ ಮೇಲೆ ಹಾಕಬಾರದೆಂದು ಜರ್ಮನಿಯಲ್ಲಿ ಕಾನೂನೇ ಬಂತು. ಉಕ್ಕು ಎಂಬ ಮಾತನ್ನು ಕೊಟ್ಟ ಸೀಮೆಗೆ ಉಕ್ಕಿನ ಕತ್ತಿ ಹಡಗಿನಲ್ಲಿ ಬಂದದ್ದು ಹೀಗೆ. ಅಗ್ಗದ ಹೊರದೇಶದ ಉಕ್ಕಿನ ಮುಂದೆ ನಮ್ಮ ಮೂಸೆಗಳು ಆರಿಹೋದವು. ಊರ ಆಚಾರಿ ಮಾಡುತ್ತಿದ್ದ ದಪ್ಪ ಬೆನ್ನಿನ, ಲೋಹದ ಹಿಡಿಯ ಕತ್ತಿಗಳು ಆಮೇಲೂ ಇದ್ದವು. ಆದರೆ ಪೇಟೆಯ ಕ್ಷೌರದಂಗಡಿಗೆ ಗೌರವ ತರುತ್ತಿದ್ದದ್ದು ಬುಡದಲ್ಲಿ ಇಂಗ್ಲಿಷ್ ಅಕ್ಷರ ಕೊರೆದ ಕತ್ತಿ. ನಕ್ಷತ್ರ ಮತ್ತು ಶಿಲುಬೆಯ ಗುರುತು ಇದ್ದರೆ ಅದು ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಕಂಪೆನಿಯದು. ಹಳೆಯ ಕತ್ತಿ ಸಿಕ್ಕಿದವರು ಬೂದಿ ಹಚ್ಚಿ ತಿಕ್ಕುವ ಮೊದಲು ಆ ಗುರುತು ಇದೆಯೇ ಎಂದು ನೋಡಬೇಕು.

ಕಾಸರಗೋಡು ಆಗ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ ತಾಲೂಕು. ನಮಗೆ ಪೇಟೆ ಎಂದರೆ ಮಂಗಳೂರು. 1907ರಲ್ಲಿ ರೈಲು ಮಂಗಳೂರು ಮುಟ್ಟಿದ ಮೇಲೆ ಅಲ್ಲಿಂದ ಸಾಮಾನು ತರುವುದು ಸುಲಭವಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ, 1874ರಲ್ಲಿ ಯಂತ್ರಗಳ ವರ್ಕ್‌ಶಾಪ್ ತೆರೆದಿದ್ದರು. ಅರ ಹಾಕುವುದು, ಬೈರಿಗೆ ತಿರುಗಿಸುವುದು, ಅಳತೆಗೆ ಸರಿಯಾಗಿ ಲೋಹ ಕೂರಿಸುವುದು ಇವನ್ನೆಲ್ಲ ಯುರೋಪಿನ ಕ್ರಮದಲ್ಲಿ ಕಲಿತ ಕೈಗಳು ಇಂಥ ಕಡೆಗಳಿಂದ ಹೊರಬಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿಯ ಸಾಮಾನು ನಿಂತಿತು, ಮಿಷನ್ನಿನ ಕಾರ್ಖಾನೆಗಳೂ ಅವರ ಕೈತಪ್ಪಿದವು. ಎರಡನೆಯ ಯುದ್ಧದಲ್ಲೂ ಇದೇ ಕತೆ. ಸ್ವಾತಂತ್ರ್ಯದ ನಂತರ, 1950ರ ದಶಕದ ಕೊನೆಗೆ, ವಿದೇಶೀ ವಿನಿಮಯದ ಬರಗಾಲದಿಂದ ಸರಕಾರ ಆಮದಿಗೆ ಬಿಗಿ ಹಾಕಿತು. ಹೊಸ ಕತ್ತಿ ಸಿಗದ ಇಂಥ ಕಾಲದಲ್ಲೆಲ್ಲ ಹಳೆಯ ಕತ್ತಿಯ ಜೀವ ಉಳಿಸಿದ್ದು ಊರಿನ ಕಮ್ಮಾರಸಾಲೆ. (ಸಾಲೆ ಎಂದರೆ ನಮ್ಮ ಕಡೆ ಶಾಲೆಯೂ ಹೌದು. ನಮ್ಮ ಸಾಲೆಗಿಂತ ಅಲ್ಲಿ ಕಲಿಕೆ ಒಳ್ಳೆಯದಿತ್ತೋ ಏನೋ!)

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಮಾಡಿದೆವು. ಸೇರು, ಕಳಸಿಗೆ, ಅಡಕತ್ತರಿ, ತಾಳೆಗರಿ, ತೂತಿನ ಕಾಸು ಎಲ್ಲ ಬಂತು. ಏಳನೇ ತರಗತಿಯ ಒಬ್ಬ ಹುಡುಗ ಎಲ್ಲರೂ ಹೋದ ಮೇಲೆ ಸ್ಟಾಫ್ ರೂಮಿಗೆ ಬಂದು ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದ. ಒಳಗೆ ಮಡಚುವ ಕತ್ತಿ. ಕೀಲು ಬಿದ್ದುಹೋಗಿತ್ತು, ದಾರ ಕಟ್ಟಿ ನಿಲ್ಲಿಸಿದ್ದರು. “ಇದು ನಮ್ಮ ಅಜ್ಜನದ್ದು ಸರ್. ಯಾರದ್ದು ಅಂತ ಬರೆಯುವುದು ಬೇಡ” ಎಂದ. ದಾಖಲಾತಿ ಪುಸ್ತಕ ತೆಗೆದು ನೋಡಿದರೆ ತಂದೆಯ ಉದ್ಯೋಗ ಎಂಬಲ್ಲಿ ‘ಕೂಲಿ’ ಎಂದಿತ್ತು. ತಂದೆಗೆ ಪೇಟೆಯಲ್ಲಿ ಸೆಲೂನು ಇತ್ತೆಂಬುದು ನಮಗೆಲ್ಲ ಗೊತ್ತು, ನಮ್ಮಲ್ಲಿ ಕೆಲವರು ಅಲ್ಲಿಗೇ ಹೋಗುವವರು.

ಕತ್ತಿಯನ್ನು ಆ ಸ್ಥಿತಿಯಲ್ಲಿ ಇಡಲು ಮನಸ್ಸಾಗಲಿಲ್ಲ. ಬದಿಯಡ್ಕದಿಂದ ಒಳಗೆ ಒಬ್ಬರು ವಯಸ್ಸಾದ ಆಚಾರಿ ಇದ್ದರು, ಕೊಡಲಿ ಕತ್ತಿ ಮಾಡುವವರು. ಹುಡುಗನನ್ನೂ ಕರೆದುಕೊಂಡು ಹೋದೆವು. ಅವರು ಕತ್ತಿಯನ್ನು ಬೆಳಕಿಗೆ ಹಿಡಿದು ತೂತಿನೊಳಗೆ ಒಂದು ಕಣ್ಣಿಟ್ಟು ನೋಡಿದರು.

“ತೂತು ಉದ್ದ ಆಗಿದೆ ಮಾಷ್ಟ್ರೇ. ಬರೀ ತಂತಿ ಹಾಕಿದ್ರೆ ಪುನಃ ಅಲುಗ್ತದೆ.”

“ಹಾಗಾದ್ರೆ ಎಂತ ಮಾಡುವುದು ಆಚಾರ್ರೇ?”

“ಒಳಗೊಂದು ಬಳೆ ಕೂರಿಸ್ಬೇಕು.”

ಹೇಳಿದ್ದನ್ನು ಮಾಡಿ ತೋರಿಸಿದರು. ಮೊದಲು ಮೊಟ್ಟೆಯ ಆಕಾರದ ತೂತನ್ನು ಸಣ್ಣ ಉರುಟು ಅರದಿಂದ ತಿದ್ದಿ ದುಂಡಗೆ ಮಾಡಿದರು. ಅಷ್ಟಕ್ಕೇ ಅರ್ಧ ಗಂಟೆ ಹಿಡಿಯಿತು. ಹಳೆಯ ಸ್ಟವ್‌ನದೆಂದು ಹೇಳಿದ ಒಂದು ಹಿತ್ತಾಳೆ ಕೊಳವೆಯಿಂದ ಅಕ್ಕಿಕಾಳಿನಷ್ಟು ತುಂಡು ಕತ್ತರಿಸಿ ಆ ತೂತಿನೊಳಗೆ ಬಿಗಿಯಾಗಿ ಕೂರಿಸಿ, ಹೊರಚಾಚಿದ್ದನ್ನು ಅಲಗಿನ ಸಮಕ್ಕೆ ಅರ ಹಾಕಿದರು. ಇನ್ನು ಕೀಲಿನ ತಂತಿ ಉಜ್ಜುವುದು ಆ ಬಳೆಯನ್ನು, ಅಲಗಿನ ತೂತನ್ನಲ್ಲ. ಬಿಲ್ಲೆಗೆ ಹಿತ್ತಾಳೆ ತಗಡು. ಮೊದಲು ತೂತು ಹೊಡೆದು ಆಮೇಲೆ ಸುತ್ತ ಕತ್ತರಿಸಿದರು. ಇದನ್ನು ತಿರುಗುಮುರುಗು ಮಾಡಿದರೆ ಅಷ್ಟು ಸಣ್ಣ ಬಿಲ್ಲೆಯನ್ನು ಹಿಡಿಯುವುದಕ್ಕೇ ಆಗುವುದಿಲ್ಲ. ಮರದ ತುಂಡಿನ ಮೇಲಿಟ್ಟು ಉರುಟು ತಲೆಯ ಮೊಳೆಯಿಂದ ಒಂದು ಪೆಟ್ಟು ಕೊಟ್ಟಾಗ ಬಿಲ್ಲೆ ಪುಟ್ಟ ಬೋಗುಣಿಯಂತೆ ಬಾಗಿತು. ಈ ಬಾಗು ಚಂದಕ್ಕಲ್ಲ, ಅದು ಸ್ಪ್ರಿಂಗಿನ ಹಾಗೆ ಒತ್ತಿ ಹಿಡಿದು ಕೀಲನ್ನು ಬಿಗಿಯಾಗಿಡುತ್ತದೆ.

ಹುಡುಗ ತೂತಿನ ಕಾಸನ್ನು ಬಿಲ್ಲೆ ಮಾಡಬಹುದಲ್ಲವೇ ಎಂದು ಕೇಳಿದ. 1943ರಿಂದ 47ರವರೆಗೆ ಅಚ್ಚಾದ ಆ ನಡುವೆ ತೂತಿನ ಕಾಸನ್ನು ಜನ ಬೋಲ್ಟಿಗೆ ಬಿಲ್ಲೆಯಾಗಿ ಹಾಕಿದ್ದು ನಿಜ. ಆದರೆ ಅದರ ಅಗಲ ಎರಡು ಸೆಂಟಿಮೀಟರಿಗೂ ಹೆಚ್ಚು, ಕತ್ತಿಯ ಹಿಡಿಯೇ ಅಷ್ಟಿಲ್ಲ. ಆಚಾರಿಯವರು ನಕ್ಕು, “ಅದು ಗಾಡಿಗೆ ಆಯ್ತು ಮಗಾ, ಕತ್ತಿಗೆ ಅಲ್ಲ” ಎಂದರು. ಹಾಗಾದರೆ ಕೊಡೆಯ ಕಡ್ಡಿ, ಸೈಕಲ್ ಕಡ್ಡಿ ಆಗದೇ ಎಂದು ನಾವು ಕೇಳಿದೆವು. ಅವಸರಕ್ಕೆ ಹಾಕಿದವರುಂಟು, ಆದರೆ ಅವು ಉಕ್ಕು. ಅದರ ತಲೆ ಅಗಲವಾಗಬೇಕಾದರೆ ಗಟ್ಟಿ ಪೆಟ್ಟು ಬೇಕು, ಗಟ್ಟಿ ಪೆಟ್ಟಿಗೆ ಕೋಡಿನ ಹಿಡಿ ಸೀಳುತ್ತದೆ. ತುಕ್ಕೂ ಹಿಡಿಯುತ್ತದೆ. ಹಿತ್ತಾಳೆ ಮೆತ್ತಗೆ. ಆಚಾರಿಯವರು ಕೊಟ್ಟದ್ದು ಪೆಟ್ಟಲ್ಲ, ತಟ್ಟುವುದು. ನೂರಾರು ಸಲ, ಗಡಿಯಾರದ ಸದ್ದಿನ ಹಾಗೆ, ಆಗಾಗ ಕತ್ತಿಯನ್ನು ಬಿಚ್ಚಿ ಮಡಚಿ ನೋಡುತ್ತ. ಕೊಡಲಿ ಬಡಿಯುವ ಕೈ ಅದು ಎಂದು ನಂಬುವುದು ಕಷ್ಟ. ಕೊನೆಗೆ ಹಿಡಿಯನ್ನು ಅಡ್ಡ ಹಿಡಿದು ಅಲಗನ್ನು ಅರ್ಧ ತೆರೆದು ಬಿಟ್ಟರು. ಅಲಗು ನಿಂತಲ್ಲೇ ನಿಂತಿತು. ತನ್ನ ಭಾರಕ್ಕೆ ಬೀಳಬಾರದು, ತೆರೆಯಲು ಬೆರಳಿಗೆ ಬಲವೂ ಬೇಕಾಗಬಾರದು, ಅದು ಅಳತೆ.

ಕಾಸು ಎಷ್ಟು ಎಂದು ಕೇಳಿದ್ದಕ್ಕೆ ಹುಡುಗನ ಕಡೆ ನೋಡಿ, “ಇವನ ಅಜ್ಜ ನನ್ನ ತಲೆ ಬೋಳಿಸಿದವರು. ಲೆಕ್ಕ ಅಲ್ಲಿಗೇ ಉಂಟು” ಎಂದರು.

ಆ ಲೆಕ್ಕ ಎಂಥದು ಎನ್ನುವುದೇ ನಮ್ಮ ಊರುಗಳ ಇತಿಹಾಸದ ದೊಡ್ಡ ಭಾಗ. ಕ್ಷೌರಿಕರಿಗೆ ಆಚಾರಿ ಕತ್ತಿ ಸರಿಮಾಡಿ ಕೊಡುತ್ತಿದ್ದರು, ಕ್ಷೌರಿಕರು ಆಚಾರಿಯ ಮನೆಗೆ ಕ್ಷೌರಕ್ಕೆ ಹೋಗುತ್ತಿದ್ದರು, ಇಬ್ಬರಿಗೂ ಕೊಯ್ಲಿನ ಹೊತ್ತಿಗೆ ಗದ್ದೆಯ ಮನೆಗಳಿಂದ ಭತ್ತ ಸಿಗುತ್ತಿತ್ತು. ನಗದಿನ ಮಾತು ಕಡಿಮೆ. ಕೇಳುವುದಕ್ಕೆ ಚಂದ. ಆದರೆ ಭತ್ತ ಅಳೆಯುವ ಸೇರು ಯಾರ ಕೈಯಲ್ಲಿತ್ತು ಎಂದೂ ಕೇಳಬೇಕಲ್ಲ? 1970ರ ಜನವರಿ 1ರಿಂದ ಕೇರಳದಲ್ಲಿ ಭೂಸುಧಾರಣೆ ಪೂರ್ತಿಯಾಗಿ ಜಾರಿಗೆ ಬಂದು ಗೇಣಿ ಪದ್ಧತಿ ಮುರಿದ ಮೇಲೆ, ದೊಡ್ಡ ಮನೆಗಳ ಸುತ್ತ ಕಟ್ಟಿದ್ದ ಈ ಭತ್ತದ ಲೆಕ್ಕವೂ ಸಡಿಲವಾಯಿತು. ಅಂಗಳಕ್ಕೆ ಹೋಗುತ್ತಿದ್ದವರು ಪೇಟೆಯಲ್ಲಿ ಕುರ್ಚಿ ಕನ್ನಡಿ ಇಟ್ಟು ಕೂತರು. ಅದು ನಷ್ಟ ಎಂದು ನಾವಂತೂ ಹೇಳುವುದಿಲ್ಲ.

ಅಂಗಳದ ಕ್ಷೌರ ಮುಗಿದ ಮೇಲೆ ಮಿಂದೇ ಮನೆಯೊಳಗೆ ಕಾಲಿಡುತ್ತಿದ್ದರು. ಅದೇ ಮನೆಯವರಿಗೆ ಸೂತಕ ಕಳೆಯಲು, ಮಗುವಿನ ಕೂದಲು ತೆಗೆಯಲು ಇವರೇ ಬೇಕು. ಮಾಪಿಳ್ಳೆ ಮುಸಲ್ಮಾನರಲ್ಲಿ ಈ ಕೆಲಸ ಒಸ್ಸಾನರದು, ಸುನ್ನತಿಯೂ ಅವರ ಕೈಯಿಂದಲೇ. ಈ ಮನೆಗಳ ಹೆಂಗಸರು ಎಷ್ಟೋ ಊರುಗಳಲ್ಲಿ ಸೂಲಗಿತ್ತಿಯರು. ತುಳುನಾಡಿನ ಭಂಡಾರಿಗಳು, ಘಟ್ಟದ ಮೇಲಿನ ಹಡಪದರು, ಕೆಲಸಿಗಳು, ಮಲಯಾಳದ ಒಸ್ಸಾನರು ಎಲ್ಲರ ಕೈಯಲ್ಲೂ ಇದ್ದದ್ದು ಇದೇ ಕತ್ತಿ. ‘ಹಡಪ’ ಎಂಬ ಮಾತಿಗೆ ಎಲೆಯಡಿಕೆಯ ಚೀಲ ಎಂದೂ ಕ್ಷೌರದ ಸಾಮಾನಿನ ಚೀಲ ಎಂದೂ ಎರಡರ್ಥ. 12ನೇ ಶತಮಾನದಲ್ಲಿ ಬಸವಣ್ಣನವರ ಜೊತೆಗಿದ್ದ ವಚನಕಾರ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಇರುವುದೂ ಅದೇ ಮಾತು.

ಇನ್ನೊಂದು ಮಗ್ಗುಲೂ ಉಂಟು. ಈ ಕತ್ತಿ ಎಲ್ಲರ ಗಲ್ಲವನ್ನೂ ಮುಟ್ಟುತ್ತಿರಲಿಲ್ಲ. ದಲಿತರಿಗೆ ಕ್ಷೌರ ಮಾಡಿದರೆ ಮೇಲಿನವರು ಆ ಕತ್ತಿಯನ್ನು ಮತ್ತೆ ಅಂಗಳಕ್ಕೆ ಬಿಡುತ್ತಿರಲಿಲ್ಲ. ಸಂವಿಧಾನ ರಚನಾ ಸಭೆಯಲ್ಲಿ 1948ರ ನವೆಂಬರ್ 29ರಂದು ಇದು ಚರ್ಚೆಗೆ ಬಂತು. ‘ಅಂಗಡಿ’ಗಳಿಗೆ ಎಲ್ಲರಿಗೂ ಪ್ರವೇಶ ಎಂದು ಬರೆದರೆ ಅದರಲ್ಲಿ ಕ್ಷೌರದಂಗಡಿಯೂ ಸೇರುತ್ತದೆಯೇ ಎಂದು ಒಬ್ಬ ಸದಸ್ಯರು ಕೇಳಿದರು. ಅಂಗಡಿ ಎಂಬ ಮಾತನ್ನು ವಿಶಾಲ ಅರ್ಥದಲ್ಲಿ, ಸೇವೆ ಕೊಡುವ ಜಾಗಗಳಿಗೂ ಸೇರಿಸಿ ಬಳಸಿದೆ ಎಂದು ಅಂಬೇಡ್ಕರ್ ವಿವರಿಸಿದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಸೇವೆ ನಿರಾಕರಿಸುವುದನ್ನು ಶಿಕ್ಷಾರ್ಹ ಮಾಡಿತು. ಕತ್ತಿ ಹಿಡಿದವರ ಪಾಡು ನೋಡಿ: ಮೇಲಿನವರಿಗೆ ಅವರ ಸ್ಪರ್ಶ ಮೈಲಿಗೆ, ಕೆಳಗಿನವರನ್ನು ಅವರು ಮುಟ್ಟಿದರೆ ಅದಕ್ಕಿಂತ ದೊಡ್ಡ ಮೈಲಿಗೆ! ಅವರ ಕಸುಬಿನ ಹೆಸರು ಇಂದಿಗೂ ಶಾಲೆಯ ಮೈದಾನದಲ್ಲಿ ಬೈಗುಳವಾಗಿ ಕೇಳುತ್ತದೆ. ದಾಖಲಾತಿ ಪುಸ್ತಕದ ‘ಕೂಲಿ’ ಎಲ್ಲಿಂದ ಬಂತೆಂದು ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಕತ್ತಿಯ ಕಾಲ ಮುಗಿದದ್ದು ಎರಡು ಹಂತದಲ್ಲಿ. ಮೊದಲನೆಯದು ಅಮೆರಿಕದ ಕಿಂಗ್ ಜಿಲೆಟ್‌ನ ಎಸೆಯುವ ಬ್ಲೇಡು. 1903ರಲ್ಲಿ ಮಾರಾಟ ಶುರುವಾದಾಗ ಇಡೀ ವರ್ಷಕ್ಕೆ ಹೋದದ್ದು 51 ರೇಜರು, 168 ಬ್ಲೇಡು ಅಂತೆ. ಆಮೇಲಿನದು ಎಲ್ಲರಿಗೂ ಗೊತ್ತು. ಮನೆಯಲ್ಲೇ ಗಡ್ಡ ಹೆರೆಯುವುದು ಬಂತು. ನಮ್ಮಲ್ಲಿ 1970ರ ನಂತರ ಗಲ್ಫಿಗೆ ಹೋದವರ ಪೆಟ್ಟಿಗೆಯಲ್ಲೂ ಬ್ಲೇಡಿನ ಕಟ್ಟುಗಳು ಬಂದವು. ಆದರೂ ಸೆಲೂನಿನಲ್ಲಿ ಕತ್ತಿ ಉಳಿದಿತ್ತು, ಕುರ್ಚಿಯ ಪಕ್ಕ ತೊಗಲ ಪಟ್ಟಿ ನೇತಾಡುತ್ತಿತ್ತು. ಅದನ್ನು ಇಳಿಸಿದ್ದು ರೋಗದ ಭಯ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಪರೀಕ್ಷೆಯಿಂದ ದೇಶದಲ್ಲಿ ಎಚ್‌ಐವಿ ಇರುವುದು ಗೊತ್ತಾಯಿತು. ಮುಂದಿನ ವರ್ಷಗಳಲ್ಲಿ ಒಬ್ಬರಿಗೆ ಬಳಸಿದ ಕತ್ತಿ ಇನ್ನೊಬ್ಬರಿಗೆ ಬೇಡ ಎಂಬ ಪ್ರಚಾರ ಊರೂರಿಗೆ ಬಂತು. ಅದು ಸರಿಯಾದ ಮಾತೇ. ಕಾಮಾಲೆಯ ವೈರಸ್ಸೂ ಹಾಗೆ ಹರಡುವಂಥದು. ಬ್ಲೇಡನ್ನು ಎರಡು ಹೋಳು ಮಾಡಿ ಸಿಕ್ಕಿಸುವ ಹಿಡಿ ಬಂದು ಮಸೆಗಲ್ಲು, ತೊಗಲ ಪಟ್ಟಿ, ಕೀಲಿನ ಆಚಾರಿ ಮೂವರಿಗೂ ಒಟ್ಟಿಗೇ ಕೆಲಸ ಇಲ್ಲದಾಯಿತು. ಈ ಹೊಸ ಹಿಡಿಗೂ ಒಂದು ಕೀಲು ಇದೆ. ಸಡಿಲವಾದರೆ ಅದನ್ನು ತಟ್ಟುವವರಿಲ್ಲ, ಹೊಸದು ತರುತ್ತಾರೆ.

ಯುರೋಪು ಅಮೆರಿಕದಲ್ಲಿ ಈಗ ಹಳೆಯ ಕತ್ತಿ ರಿಪೇರಿ ಒಂದು ಹವ್ಯಾಸ. ಕೀಲು, ಬಿಲ್ಲೆ, ಬೆಣೆಗಳನ್ನು ಲೇತಿನಲ್ಲಿ ಮಾಡಿ ಮಾರುವವರೂ ಇದ್ದಾರೆ. ನಮ್ಮಲ್ಲಿ ಕತ್ತಿಗಳು ಹೋಗುವುದು ಗುಜರಿಗೆ, ಕಿಲೋ ಲೆಕ್ಕದಲ್ಲಿ. ಅಟ್ಟದಲ್ಲೋ ಹಳೆಯ ಪೆಟ್ಟಿಗೆಯಲ್ಲೋ ಇನ್ನೂ ಒಂದು ಉಳಿದಿದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟುಕೊಳ್ಳಿ. ಮರಳು ಕಾಗದದಿಂದ ತಿಕ್ಕಬೇಡಿ, ಗುರುತು ಅಳಿಸುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಕೀಲಿಗೆ, ತೆಳ್ಳಗೆ ಅಲಗಿಗೆ ಸಾಕು. ಹಿಡಿ ಸೆಲ್ಯುಲಾಯಿಡಿನದಾಗಿದ್ದು ಬಿರುಕು ಬಿಟ್ಟು ಹುಳಿ ವಾಸನೆ ಬರುತ್ತಿದ್ದರೆ ಕತ್ತಿಯನ್ನು ಮಡಚಿ ಇಡಬಾರದು. ಆ ಹಿಡಿ ಬಿಡುವ ಆಮ್ಲದ ಹಬೆ ಉಕ್ಕನ್ನು ತಿನ್ನುತ್ತದೆ. ಒಂದು ಚೀಟಿ ಕಟ್ಟಿ: ಯಾರ ಕತ್ತಿ, ಯಾವ ಊರು, ಕೀಲಿಗೆ ಬಿಲ್ಲೆಗೆ ಅವರು ಏನೆಂದು ಕರೆಯುತ್ತಿದ್ದರು, ಸರಿಮಾಡಿದ ಆಚಾರಿ ಯಾರು. ನಮ್ಮ ಶಾಲೆಯ ಚೀಟಿಯನ್ನು ಆ ಹುಡುಗನೇ ಎರಡನೇ ದಿನ ಬರೆದ, ಅಜ್ಜನ ಹೆಸರು ಹಾಕಿ.